ಎಂಟನೆಯ ಜಿಲ್ಲೆಯ ಟೀಚರು

ಬೆಳಿಗ್ಗೆ ಎಂಟರ ಸುಮಾರಿಗೆ ನಮ್ಮ ರಾಜಗೋಪಾಲನಗರದ ರಸ್ತೆಯಲ್ಲಿ ಹೆಂಗಸರದೇ ರಾಜ್ಯ. ಹೆಗಲಿಗೆ ಊಟದ ಬ್ಯಾಗು ಸಿಕ್ಕಿಸಿಕೊಂಡು ಪೀಣ್ಯದ ಗಾರ್ಮೆಂಟ್ಸ್ ಕಡೆಗೆ ಅರ್ಧ ನಡಿಗೆ, ಅರ್ಧ ಓಟ. ಅವರಲ್ಲಿ ಎಷ್ಟೋ ಮಂದಿ ನನ್ನ ಶಾಲೆಯ ಮಕ್ಕಳ ತಾಯಂದಿರು. ‘ನಮಸ್ತೆ ಮೇಡಂ’ ಅನ್ನುತ್ತಾರೆ, ಆದರೆ ನಿಲ್ಲುವುದಿಲ್ಲ.

ಅಂಥ ಒಬ್ಬ ತಾಯಿಯ ಮಗಳು, ಹತ್ತನೇ ತರಗತಿಯವಳು, ಸಿನಿಮಾ ನೋಡಿ ಹುಚ್ಚು ಹತ್ತಿಸಿಕೊಂಡು ಹಳೇ ಪುಸ್ತಕದಂಗಡಿಯಿಂದ ಮೂರು ಇಂಗ್ಲಿಷ್ ಕಾದಂಬರಿ ತಂದಿದ್ದಳು. ಓದಿ ಮುಗಿಸಿ, ‘ಮಿಸ್, ಇದರಲ್ಲಿ ನಮ್ಮಮ್ಮನ ಫ್ಯಾಕ್ಟರಿ ಇದೆ’ ಎಂದು ನನಗೆ ಒಪ್ಪಿಸಿದಳು. ಅಮೆರಿಕದ ಸುಝಾನ್ ಕಾಲಿನ್ಸ್ ಬರೆದವು. ‘ಹಂಗರ್ ಗೇಮ್ಸ್’ 2008ರಲ್ಲಿ, ಕೊನೆಯ ಸಂಪುಟ ‘ಮಾಕಿಂಗ್‌ಜೇ’ 2010ರಲ್ಲಿ ಬಂದದ್ದು. ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಪ್ಯಾನೆಮ್ ಎಂಬ ದೇಶ. ಜಿಲ್ಲೆಗಳು ದುಡಿದು ಕಳಿಸಬೇಕು, ರಾಜಧಾನಿ ಕೂತು ತಿನ್ನಬೇಕು. ಹಿಂದೊಮ್ಮೆ ದಂಗೆಯೆದ್ದ ತಪ್ಪಿಗೆ ಹನ್ನೆರಡು ಜಿಲ್ಲೆಗಳೂ ವರ್ಷಕ್ಕೊಮ್ಮೆ ಒಬ್ಬ ಹುಡುಗ, ಒಬ್ಬಳು ಹುಡುಗಿಯನ್ನು ಅಖಾಡಕ್ಕೆ ಕಳಿಸಬೇಕು. ಅವರು ಒಬ್ಬರನ್ನೊಬ್ಬರು ಕೊಲ್ಲುವುದನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಬೇಕು. ಲೇಖಕಿಗೆ ಗ್ರೀಕರ ಥೀಸಿಯಸ್ಸನ ಕಥೆ ಪ್ರೇರಣೆಯಂತೆ. ನನಗೆ ನೆನಪಾದದ್ದು ಏಕಚಕ್ರನಗರದ ಬಕಾಸುರ.

ಕೊನೆಯ ಸಂಪುಟದಲ್ಲಿ ದಂಗೆ ದೇಶವೆಲ್ಲ ಹಬ್ಬಿದೆ. ಹದಿನೇಳರ ಹುಡುಗಿ ಕ್ಯಾಟ್ನಿಸ್ ಅದರ ಗುರುತಾಗಿದ್ದಾಳೆ. ಆದರೆ ದಂಗೆ ನಡೆಸುವವರ ನೆಲಮಾಳಿಗೆಯ ಊರಿನಲ್ಲಿ ಪ್ರತಿಯೊಬ್ಬರ ತೋಳಿನ ಮೇಲೆ ದಿನದಿನದ ವೇಳಾಪಟ್ಟಿ ಅಚ್ಚಾಗುತ್ತದೆ, ಅನ್ನವೂ ಅಳತೆಯದ್ದೇ. ನಾಯಕಿ ಕಾಯಿನ್ ಎಂಬಾಕೆಗೆ ಈ ಹುಡುಗಿ ಬೇಕಾಗಿರುವುದು ಟಿ.ವಿ.ಯಲ್ಲಿ ತೋರಿಸಲಿಕ್ಕೆ. ಯುದ್ಧ ಗೆಲ್ಲುವ ಹೊತ್ತಿಗೆ ರಾಜಧಾನಿಯ ಮಕ್ಕಳ ಮೇಲೆ ಬಾಂಬು ಬೀಳುತ್ತದೆ. ಉಪಚಾರಕ್ಕೆ ಓಡಿಬಂದವರ ಮೇಲೂ ಬೀಳುತ್ತದೆ. ಹಾಗೆ ಓಡಿಬಂದವರಲ್ಲಿ ಕ್ಯಾಟ್ನಿಸ್‌ಳ ಪುಟ್ಟ ತಂಗಿಯೂ ಒಬ್ಬಳು. ಯಾರನ್ನು ಉಳಿಸಲೆಂದು ಅವಳು ಮೊದಲ ಪುಸ್ತಕದಲ್ಲಿ ತಾನೇ ಮುಂದೆ ಬಂದಿದ್ದಳೋ ಆ ತಂಗಿ! ಇಷ್ಟಾದ ಮೇಲೂ ಕಾಯಿನ್, ಈ ಸಲ ರಾಜಧಾನಿಯ ಮಕ್ಕಳನ್ನಿಟ್ಟುಕೊಂಡು ಅದೇ ಆಟ ಇನ್ನೊಮ್ಮೆ ಆಡಿಸೋಣ ಅನ್ನುತ್ತಾಳೆ. ಹಳೆಯ ಅಧ್ಯಕ್ಷನನ್ನು ಕೊಲ್ಲಲು ನಿಲ್ಲಿಸಿದ ಹುಡುಗಿ ಬಾಣವನ್ನು ಕಾಯಿನ್ ಕಡೆಗೆ ತಿರುಗಿಸುತ್ತಾಳೆ.

ನನ್ನ ವಿದ್ಯಾರ್ಥಿನಿಗೆ ಈ ಮುಕ್ತಾಯ ಹಿಡಿಸಲಿಲ್ಲ. ಗೆದ್ದ ಮೇಲೆ ಒಂದು ಮೆರವಣಿಗೆಯೂ ಬೇಡವೇ ಎಂದು ಅವಳ ತಕರಾರು. ನನಗಂತೂ ಮೂರರಲ್ಲಿ ಇದೇ ಒಳ್ಳೆಯದು ಅನ್ನಿಸಿತು. ಆದರೆ ನನ್ನ ಜಗಳ ಬೇರೆ ಕಡೆ ಇದೆ.

ಎಂಟನೆಯ ಜಿಲ್ಲೆ ಬಟ್ಟೆಯ ಜಿಲ್ಲೆ, ಪೀಣ್ಯವೆಂದೇ ತಿಳಿಯಿರಿ. ಎರಡನೆಯ ಸಂಪುಟದಲ್ಲಿ ಅಲ್ಲಿಂದ ಇಬ್ಬರು ತಪ್ಪಿಸಿಕೊಂಡು ಬರುತ್ತಾರೆ: ಬಾನಿ ಎಂಬ ವಿದ್ಯಾರ್ಥಿನಿ, ಟ್ವಿಲ್ ಎಂಬ ಅವಳ ಟೀಚರು. ಟ್ವಿಲ್ ಬಟ್ಟೆ ಗೊತ್ತಲ್ಲ, ಪ್ಯಾಂಟಿಗೆ ಹಾಕುವುದು, ಅದೇ ಹೆಸರು. ಹಗಲು ಶಾಲೆ, ಆಮೇಲೆ ಟೀಚರೂ ಹುಡುಗಿಯೂ ಒಂದೇ ಫ್ಯಾಕ್ಟರಿಯಲ್ಲಿ ಸೈನಿಕರ ಸಮವಸ್ತ್ರ ಹೊಲಿಯುವವರು. ದಂಗೆ ಸೋತು ಫ್ಯಾಕ್ಟರಿ ಸ್ಫೋಟಗೊಂಡ ಮೇಲೆ, ಕದ್ದ ಸಮವಸ್ತ್ರ ತೊಟ್ಟು ಹಿಮದಲ್ಲಿ ಹದಿಮೂರನೆಯ ಜಿಲ್ಲೆ ಹುಡುಕಿಕೊಂಡು ಹೊರಡುತ್ತಾರೆ. ಮೂರನೆಯ ಸಂಪುಟ ತೆರೆದಾಗ ನಾನು ಹುಡುಕಿದ್ದು ಅವರನ್ನೇ. ಅವರು ತಲುಪಲೇ ಇಲ್ಲವಂತೆ. ಕಾಡು ನುಂಗಿರಬೇಕು ಎಂದು ಲೇಖಕಿ ಒಂದೆರಡು ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಅದೇ ಜಿಲ್ಲೆಯ ದಂಡನಾಯಕಿ ಪೇಲರ್ ಕೊನೆಗೆ ದೇಶದ ಅಧ್ಯಕ್ಷೆಯಾಗುತ್ತಾಳೆ, ಸಂತೋಷ. ಟೀಚರಿಗೆ ಮಾತ್ರ ಎರಡೇ ಸಾಲು.

ಇದನ್ನು ಯಾಕೆ ಇಷ್ಟು ಹಚ್ಚಿಕೊಂಡೆ ಎಂದರೆ 2016ರ ಏಪ್ರಿಲ್ ನನಗೆ ಮರೆತಿಲ್ಲ. ಆ ವರ್ಷ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿ.ಎಫ್. ನಿಯಮ ಬದಲಿಸಿತ್ತು. ಕೆಲಸ ಬಿಟ್ಟರೂ ಮಾಲೀಕರ ಪಾಲಿನ ಹಣ 58 ವರ್ಷ ತುಂಬುವವರೆಗೆ ಕೈಗೆ ಬರುವಂತಿರಲಿಲ್ಲ. ಗಾರ್ಮೆಂಟ್ಸಿನಲ್ಲಿ 58ರವರೆಗೆ ಬೆನ್ನು, ಕಣ್ಣು ತಡೆದಾವೆಯೇ? ಕೆಲಸ ಬಿಟ್ಟು ಆ ಹಣ ಬಿಡಿಸಿಕೊಂಡೇ ಮಗಳ ಫೀಸು, ಮದುವೆ, ಊರಿನ ಸಾಲ. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಯಾವ ಸಂಘವೂ ಕರೆಯದೆ ಬೀದಿಗೆ ಇಳಿದರು. ಹೊಸೂರು ರಸ್ತೆ, ತುಮಕೂರು ರಸ್ತೆ ಎಲ್ಲ ಬಂದ್. ಲಾಠಿ ಬೀಸಿತು, ಬಸ್ಸುಗಳು ಸುಟ್ಟವು. 19ರಂದೇ ಸರ್ಕಾರ ಆದೇಶ ಹಿಂದೆಗೆದುಕೊಂಡಿತು.

ಪುಸ್ತಕ ಕೊಟ್ಟ ಹುಡುಗಿಯ ತಾಯಿಯೂ ಅಂದು ಜಾಲಹಳ್ಳಿ ಕ್ರಾಸಿನಲ್ಲಿದ್ದಳಂತೆ. ಮಗಳಿಗೆ ಇದುವರೆಗೂ ಹೇಳಿಲ್ಲ. ‘ಹೇಳಿದ್ರೆ ಅವಳೂ ಎದುರು ಮಾತಾಡೋದು ಕಲೀತಾಳೆ ಮೇಡಂ. ಸಂಜೆ ಮನೆಗೆ ಬಂದು ಮುದ್ದೆ ತೊಳಸಿದೆ, ಅಷ್ಟೆ’ ಎಂದಳು. ನಿಯಮ ಹಿಂದಕ್ಕೆ ಹೋಯಿತಲ್ಲ ಎಂದೆ. ‘ಹೋಯ್ತು. ಲೈನಲ್ಲಿ ಟಾರ್ಗೆಟ್ ಮಾತ್ರ ಹಂಗೇ ಇತ್ತು’ ಎಂದು ನಕ್ಕಳು.

ತರಗತಿಯಲ್ಲಿ ನಾನು ಈಸೂರಿನ ಬಗ್ಗೆ ಹೇಳುತ್ತೇನೆ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿ ತಾನು ಸ್ವತಂತ್ರ ಎಂದು ಸಾರಿ, ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಮಾಡಿತು. 1943ರ ಮಾರ್ಚಿನಲ್ಲಿ ಐವರಿಗೆ ಗಲ್ಲಾಯಿತು. ಮಕ್ಕಳು ಹುಡುಗ ಅಮಲ್ದಾರನ ಮಾತು ಬಂದಾಗ ಕಿವಿ ನಿಮಿರಿಸುತ್ತಾರೆ, ಗಲ್ಲಿನ ಮಾತಿಗೆ ಸುಮ್ಮನಾಗುತ್ತಾರೆ. ಪರೀಕ್ಷೆಯಲ್ಲಿ ಇಸವಿ ತಪ್ಪು ಬರೆಯುತ್ತಾರೆ. ಆ ಹುಡುಗರ ಮನೆಗಳಲ್ಲಿ ಆಮೇಲೆ ತಾಯಂದಿರು ಏನು ಮಾಡಿದರು ಎಂದು ಮಾತ್ರ ಈವರೆಗೆ ಯಾರೂ ಕೇಳಿಲ್ಲ.

ಹೋದ ತಿಂಗಳು ಪಾಲಕರ ಸಭೆ ಮುಗಿದ ಮೇಲೆ ಆ ತಾಯಿಗೆ ಟ್ವಿಲ್ ಟೀಚರ ಕಥೆ ಹೇಳಿದೆ. ಬಾಗಿಲಿಗೆ ಒರಗಿ ಪೂರಾ ಕೇಳಿಸಿಕೊಂಡಳು.

‘ಹೊಲಿಯೋ ಕೈ ಮೇಡಂ ಅವು’ ಎಂದಳು. ‘ಹೋದ ದಾರೀಲಿ ಮರಕ್ಕೊಂದು ಚಿಂದಿನಾದ್ರೂ ಕಟ್ಕೊಂಡು ಹೋಗಿರ್ತಾರೆ. ಯಾರೂ ಹುಡುಕಿಲ್ಲ, ಅಷ್ಟೆ.’