ವಾಟ್ಸನ್‌ನ ಮುಖ ಬದಲಾಗಿತ್ತು

ನನಗೆ ಶೆರ್ಲಾಕ್ ಹೋಮ್ಸ್‌ನ ಹುಚ್ಚು ಹಿಡಿಸಿದ್ದು ಅಣ್ಣ. ನಾನು ಎಂಟನೇ ತರಗತಿಯಲ್ಲಿದ್ದಾಗ ರಾತ್ರಿ ಊಟವಾದ ಮೇಲೆ ಅವನು ಆರ್ಥರ್ ಕಾನನ್ ಡಾಯ್ಲ್ ಬರೆದ ಕಥೆಗಳನ್ನು ಇಂಗ್ಲಿಷಿನಲ್ಲಿ ಓದಿಕೊಂಡು ನನಗೆ ಬ್ಯಾರಿಯಲ್ಲಿ ಹೇಳುತ್ತಿದ್ದ. ಕಳ್ಳ ಯಾರೆಂದು ತಿಳಿಯುವ ಹೊತ್ತಿಗೆ ಸರಿಯಾಗಿ ಪುಸ್ತಕ ಮುಚ್ಚಿ, "ಉಳಿದದ್ದು ನಾಳೆ" ಎನ್ನುತ್ತಿದ್ದ. ನಾನು ಎಷ್ಟು ಹಟ ಮಾಡಿದರೂ ಕೇಳುತ್ತಿರಲಿಲ್ಲ. ಕೊನೆಗೆ ನಾನೇ ಡಿಕ್ಷನರಿ ಹಿಡಿದು ಓದತೊಡಗಿದೆ. ಒಟ್ಟು 4 ಕಾದಂಬರಿ, 56 ಕಥೆಗಳು. ನಾನು ಹತ್ತನೇ ತರಗತಿಗೆ ಬರುವಷ್ಟರಲ್ಲಿ ಅಣ್ಣ ಕೆಲಸಕ್ಕೆಂದು ದಮ್ಮಾಮ್‌ಗೆ ಹೋದ.

ಪ್ರಥಮ ಪಿಯುಸಿ ಮುಗಿದ ರಜೆಯಲ್ಲಿ, ಇಂಗ್ಲೆಂಡಿನ ಗ್ರಾನಡಾ ಟೆಲಿವಿಷನ್ 1984ರಿಂದ 1994ರವರೆಗೆ ಪ್ರಸಾರ ಮಾಡಿದ ಹೋಮ್ಸ್ ಧಾರಾವಾಹಿಯನ್ನು ನೋಡಿದೆ. ಹೋಮ್ಸ್ ಪಾತ್ರದಲ್ಲಿ ಜೆರೆಮಿ ಬ್ರೆಟ್. ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, ಉತ್ತರಪತ್ರಿಕೆ ತಿದ್ದುವವರಂತೆ ತಪ್ಪು ಹುಡುಕುತ್ತಾ ಕುಳಿತೆ. "ಇದು ಕಥೆಯಲ್ಲಿ ಇಲ್ಲವೇ ಇಲ್ಲ" ಎಂದು ಅಣ್ಣನಿಗೆ ವಾಯ್ಸ್ ಮೆಸೇಜ್ ಕಳಿಸಿದರೆ, "ಮಾರ್ಕ್ಸ್ ಕೊಡಲು ಕೂತಿದ್ದೀಯಾ? ಸುಮ್ಮನೆ ನೋಡು ಮಾರಾಯ" ಎಂದ.

ಸುಮ್ಮನೆ ನೋಡಿದಾಗ ಒಂದು ಸಂಗತಿ ಹೊಳೆಯಿತು. ಪುಸ್ತಕದಲ್ಲಿ ಹೆಚ್ಚಿನ ಕಥೆಗಳನ್ನು ಹೇಳುವವನು ಡಾಕ್ಟರ್ ವಾಟ್ಸನ್. ಹೇಳುವವನ ಮುಖ ನಮಗೆ ಕಾಣುವುದಿಲ್ಲ. ಇಲ್ಲಿ ಹೋಮ್ಸ್ ಮಾತಾಡುವಾಗ ಪಕ್ಕದಲ್ಲಿ ಕುಳಿತ ಗೆಳೆಯನ ಹೆಮ್ಮೆ, ಸಿಟ್ಟು, ಆತಂಕ ಎಲ್ಲವೂ ಕಾಣುತ್ತದೆ. ನಾನು ಪತ್ತೆದಾರನನ್ನು ಬಿಟ್ಟು ಗೆಳೆಯನನ್ನೇ ನೋಡತೊಡಗಿದೆ.

1985ರಲ್ಲಿ ಪ್ರಸಾರವಾದ ಒಂದು ಕಂತಿನಲ್ಲಿ ಹೋಮ್ಸ್ ಸ್ವಿಟ್ಜರ್ಲೆಂಡಿನ ರೈಕೆನ್‌ಬಾಕ್ ಜಲಪಾತದ ಬಳಿ ಕಣ್ಮರೆಯಾಗುತ್ತಾನೆ. ಸತ್ತನೆಂದೇ ವಾಟ್ಸನ್ ನಂಬುತ್ತಾನೆ. ಮುಂದಿನ ವರ್ಷ ಬಂದ 'ದಿ ಎಂಪ್ಟಿ ಹೌಸ್' ಕಂತಿನಲ್ಲಿ, ಕಥೆಯ ಲೆಕ್ಕದಲ್ಲಿ ಮೂರು ವರ್ಷದ ಮೇಲೆ, ಅವನು ಮುದುಕ ಪುಸ್ತಕ ವ್ಯಾಪಾರಿಯ ವೇಷದಲ್ಲಿ ಮರಳಿ ಬರುತ್ತಾನೆ. ವಾಟ್ಸನ್ ಮೂರ್ಛೆ ಹೋಗುತ್ತಾನೆ. ಆದರೆ ಈ ವಾಟ್ಸನ್ ಬೇರೆ! ಮೊದಲಿನ ನಟ ಡೇವಿಡ್ ಬರ್ಕ್ ಹೆಂಡತಿ ಮಗನ ಜೊತೆ ಇರಲೆಂದು ಧಾರಾವಾಹಿ ಬಿಟ್ಟಿದ್ದರು. ಅವರ ಜಾಗಕ್ಕೆ ಎಡ್ವರ್ಡ್ ಹಾರ್ಡ್‌ವಿಕ್ ಬಂದಿದ್ದರು. ನನಗೆ ಎಷ್ಟು ಬೇಸರವಾಯಿತೆಂದರೆ ಅಂದು ಅರ್ಧದಲ್ಲೇ ನಿಲ್ಲಿಸಿದೆ.

ಎರಡು ವರ್ಷದ ಮೇಲೆ ಅಣ್ಣ ರಜೆಯಲ್ಲಿ ಬಂದ. ಮಂಗಳೂರು ವಿಮಾನ ನಿಲ್ದಾಣದಲ್ಲಿ ಟ್ರಾಲಿ ತಳ್ಳಿಕೊಂಡು ಹೊರಬಂದವನು ನನ್ನನ್ನು ದಾಟಿಯೇ ಹೋದ! ನಾನು ಕರೆದಾಗ ತಿರುಗಿ ನೋಡಿ, "ನೀನಾ?" ಎಂದ. ನಾನು ಅವನಿಗಿಂತ ಎತ್ತರ ಬೆಳೆದಿದ್ದೆ, ಮೀಸೆಯೂ ಬಂದಿತ್ತು. ಅವನ ಕೂದಲು ತೆಳ್ಳಗಾಗಿತ್ತು. ವಿಡಿಯೋ ಕಾಲ್‌ನಲ್ಲಿ ಇದ್ಯಾವುದೂ ನಮಗೆ ತಿಳಿದಿರಲಿಲ್ಲ. ದೂರ ಹೋದವರು ಮಾತ್ರ ಬದಲಾಗುವುದಿಲ್ಲ, ಕಾಯುತ್ತಾ ಕೂತವರೂ ಬದಲಾಗುತ್ತಾರೆ.

ಅಂದು ಇಶಾ ನಮಾಝ್ ಮುಗಿಸಿ, ಅರ್ಧಕ್ಕೆ ಬಿಟ್ಟಿದ್ದ ಆ ಕಂತನ್ನೇ ಮೊದಲಿನಿಂದ ಹಾಕಿದೆವು. "ಸತ್ತವನು ಹೇಗೆ ಬಂದ?" ಎಂದು ಉಮ್ಮ ಕೇಳುತ್ತಲೇ ಇದ್ದರು. ಹೊಸ ವಾಟ್ಸನ್ ಕಣ್ಣು ತೆರೆದು ಗೆಳೆಯನನ್ನು ನೋಡುತ್ತಿದ್ದಂತೆ ಅಣ್ಣ ಅಲ್ಲಿಗೇ ನಿಲ್ಲಿಸಿ, "ಉಳಿದದ್ದು ನಾಳೆ" ಎಂದ.

ಅವನ ರಜೆ ಇನ್ನೂ ಇಪ್ಪತ್ತೊಂಬತ್ತು ದಿನ ಇತ್ತು. ಮೊದಲ ಬಾರಿಗೆ ನಾನು ಹಟ ಮಾಡಲಿಲ್ಲ.