ಚಾಳಕೇವಾಡಿಯ ಗಾಳಿಯಂತ್ರ, ಕಾಣದ ಹದ್ದು

ಬೆಳಗಾವಿಯಿಂದ ಪುಣೆಗೆ ಹೋಗುವ ಹಾದಿಯಲ್ಲಿ ಸಾತಾರಾ ಸಿಗುತ್ತದಲ್ಲ, ಅಲ್ಲಿಳಿದು ಠೋಸೇಘರ್ ಜಲಪಾತ ನೋಡಿ, ಹಾಗೇ ಮುಂದೆ ಚಾಳಕೇವಾಡಿಗೆ ಹೋಗಿಬನ್ನಿ. ಬಯಲಿನಂಥ ಬೆಟ್ಟದ ನೆತ್ತಿ, ಸಾಲುಸಾಲು ಗಾಳಿಯಂತ್ರ, ಮಕ್ಕಳಂತೂ ಕುಣಿದಾಡುತ್ತವೆ. ಹೊಗೆಯಿಲ್ಲದ ಕರೆಂಟು, ಒಳ್ಳೆಯದೇ. ಆದರೆ ಒಮ್ಮೆ ತಲೆಯೆತ್ತಿ ಹದ್ದು, ಗಿಡುಗಗಳನ್ನೂ ಹುಡುಕಿ.

ಯಂತ್ರದ ರೆಕ್ಕೆ ಬಡಿದು ಸತ್ತ ಹಕ್ಕಿಗಳನ್ನು ಎಣಿಸಿದರೆ ಲೆಕ್ಕ ಮುಗಿಯಿತು ಅಂತೀರಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು ಇಲ್ಲಿ ಹಾರಾಡುವ ಹಕ್ಕಿಗಳನ್ನೇ ಎಣಿಸಿದರು. 2018ರಲ್ಲಿ ಪ್ರಕಟವಾದ ಅವರ ಲೆಕ್ಕ ಕೇಳಿ: ಯಂತ್ರವಿಲ್ಲದ ಕಡೆ ಇರುವುದರ ಸುಮಾರು ಕಾಲುಪಾಲು ಬೇಟೆಹಕ್ಕಿಗಳು ಮಾತ್ರ ಯಂತ್ರವಿರುವ ಕಡೆ! ಹದ್ದಿಲ್ಲದ ಮೇಲೆ ಭಯವೆಲ್ಲಿ? ಕೊರಳಲ್ಲಿ ಬಣ್ಣದ ಬೀಸಣಿಗೆ ಬಿಚ್ಚುವ ಓತಿಕ್ಯಾತಗಳು ಅಲ್ಲಿ ಹೆಚ್ಚಿದ್ದವು. ಮನುಷ್ಯರು ಹತ್ತಿರ ಹೋದರೂ ಬೇಗ ಓಡುತ್ತಿರಲಿಲ್ಲ. ತಿನ್ನುವ ಬಾಯಿ ಹೆಚ್ಚಾದದ್ದಕ್ಕೋ ಏನೋ, ಮೈ ಮಾತ್ರ ಬಡಕಲು.

ನಮ್ಮ ಚಿತ್ರದುರ್ಗ, ಗದಗದ ಗುಡ್ಡಗಳಲ್ಲೂ ಯಂತ್ರಗಳು ತಿರುಗುತ್ತಿವೆ. ಹೊಸದನ್ನು ನೆಡುವ ಮುಂಚೆಯೇ ಅಲ್ಲಿನ ಹಕ್ಕಿಗಳನ್ನು ಎಣಿಸಿಡಬೇಕು. ಇಲ್ಲವಾದರೆ ಆಮೇಲೆ ಬಾರದವು ಎಷ್ಟೆಂದು ತಿಳಿಯುವುದು ಹೇಗೆ? ಮದುವೆಮನೆಯಲ್ಲಿ ಬಂದವರ ಜೊತೆಗೆ ಬಾರದವರನ್ನೂ ಗಮನಿಸುವವರು ನಾವು. ಈ ಲೆಕ್ಕ ನಮಗೆ ಹೊಸದೇನಲ್ಲ.