ಹೊಸ್ತಿಲಿನ ಪತ್ರಿಕೆ

ತಾಲ್ಲೂಕು ಕೇಂದ್ರವೊಂದರ ಸಾರ್ವಜನಿಕ ಗ್ರಂಥಾಲಯಕ್ಕೆ, ಬಾಗಿಲು ತೆರೆಯುವ ಹೊತ್ತಿಗೇ ಬಂದು ಮೂಲೆಯ ಮೇಜಿನ ಮುಂದೆ ಕುಳಿತುಕೊಳ್ಳುವ ತರುಣನೊಬ್ಬನಿದ್ದನು. ಇತಿಹಾಸ, ಭೂಗೋಳ, ಸಂವಿಧಾನಗಳನ್ನು ಅವನು ಕನ್ನಡದಲ್ಲಿ ಓದಿ ಚೆನ್ನಾಗಿ ಅರಗಿಸಿಕೊಂಡಿದ್ದನು. ಆದರೆ ಇಂಗ್ಲಿಷ್ ಪುಸ್ತಕವನ್ನು ತೆರೆದೊಡನೆ ಅವನ ಮುಖ ಬಾಡುತ್ತಿತ್ತು. ದಿನಕ್ಕೆ ಐವತ್ತರಂತೆ ಕಠಿಣ ಪದಗಳನ್ನು ಬಾಯಿಪಾಠ ಮಾಡುವನು. ವಾರ ಕಳೆಯುವಷ್ಟರಲ್ಲಿ ಅವೆಲ್ಲ ಮರೆತುಹೋಗಿ, ಪಟ್ಟ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುವುದು.

ಅವನ ಅಳುಕು ನಿಷ್ಕಾರಣವಾದುದಲ್ಲ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಮುಖ್ಯ ಪರೀಕ್ಷೆಯಲ್ಲಿ ಸಾಮಾನ್ಯ ಅಧ್ಯಯನದ ಉತ್ತರಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶವುಂಟು. ಆದರೂ 300 ಅಂಕಗಳ ಇಂಗ್ಲಿಷ್ ಪತ್ರಿಕೆಯೊಂದನ್ನು ಬರೆಯಲೇಬೇಕು. ಅದರ ಅಂಕಗಳು ಶ್ರೇಯಾಂಕಕ್ಕೆ ಸೇರುವುದಿಲ್ಲ. ಆದರೆ ಅದರಲ್ಲಿ ಶೇಕಡಾ 25ರಷ್ಟಾದರೂ ದೊರೆಯದಿದ್ದರೆ, ಉಳಿದ ಪತ್ರಿಕೆಗಳಲ್ಲಿ ತೋರಿದ ಪಾಂಡಿತ್ಯವೆಲ್ಲ ಲೆಕ್ಕಕ್ಕೆ ಬಾರದು. ಅದು ಮನೆಯ ಹೊಸ್ತಿಲಿನಂತೆ: ಅಲ್ಲಿ ಯಾರೂ ವಾಸಿಸುವುದಿಲ್ಲ, ಅದನ್ನು ದಾಟದೆ ಯಾರೂ ಒಳಗೆ ಹೋಗುವಂತಿಲ್ಲ.

ಆ ಪತ್ರಿಕೆ ಕೇಳುವುದಾದರೂ ಏನನ್ನು? ಗದ್ಯಭಾಗವೊಂದನ್ನು ಓದಿ ಉತ್ತರಿಸುವುದು, ಇನ್ನೊಂದನ್ನು ಮೂರನೆಯ ಒಂದು ಭಾಗಕ್ಕೆ ಸಂಗ್ರಹಿಸುವುದು, ಪ್ರಬಂಧ ಬರೆಯುವುದು, ಪದಗಳನ್ನು ಸರಿಯಾಗಿ ಬಳಸುವುದು. ಅದರ ಮಟ್ಟ ಹತ್ತನೆಯ ತರಗತಿಯದು. ಪ್ರೌಢಶಾಲೆಯಲ್ಲಿ ಶ್ರದ್ಧೆಯಿಂದ ಕಲಿತದ್ದೇ ಅಲ್ಲಿ ಬಂಡವಾಳ.

ಒಂದು ದಿನ ಅಲ್ಲಿಗೆ ದಿನಪತ್ರಿಕೆ ಓದಲು ಬರುತ್ತಿದ್ದ ನಿವೃತ್ತ ಉಪಾಧ್ಯಾಯರು ಅವನ ಬರಹವನ್ನು ನೋಡಿದರು. ಸಂಗ್ರಹವೆಂದು ಅವನು ಬರೆದಿದ್ದುದು ಮೂಲದ ಮೊದಲ ನಾಲ್ಕು ವಾಕ್ಯಗಳ ನಕಲು. “ಇದನ್ನೇ ಮೊದಲು ಕನ್ನಡದಲ್ಲಿ ಮೂರು ವಾಕ್ಯಗಳಿಗೆ ಇಳಿಸಪ್ಪ” ಎಂದರು. ತರುಣನು ಲೇಖನಿಯನ್ನು ಹಿಡಿದು ಬಹಳ ಹೊತ್ತು ಸುಮ್ಮನೆ ಕುಳಿತನು. ಕನ್ನಡದಲ್ಲಿಯೂ ಅವನಿಗೆ ಅದು ಸಾಧ್ಯವಾಗಲಿಲ್ಲ. ತನ್ನ ಕೊರತೆ ಪದಗಳದಲ್ಲ, ಓದಿದ್ದರ ತಿರುಳನ್ನು ಗುರುತಿಸುವ ಅಭ್ಯಾಸದ್ದು ಎಂದು ಅವನಿಗೆ ಆಗ ಮನದಟ್ಟಾಯಿತು.

ಅಂದಿನಿಂದ ಅವನ ಕ್ರಮ ಬದಲಾಯಿತು. ದಿನಕ್ಕೊಂದು ಇಂಗ್ಲಿಷ್ ಲೇಖನವನ್ನು ಓದಿ, ಪತ್ರಿಕೆಯನ್ನು ಮಡಿಸಿಟ್ಟು, ಸಾರವನ್ನು ಕನ್ನಡದಲ್ಲಿ ಬರೆಯುವನು. ಅನಂತರ ಸರಳವಾದ ಇಂಗ್ಲಿಷಿನಲ್ಲಿ ಬರೆಯುವನು. ತಪ್ಪುಗಳಿಗಾಗಿ ಬೇರೊಂದು ಪುಸ್ತಕವನ್ನು ಇಟ್ಟನು. ನಾವು ವಿಷಯದ ‘ಬಗ್ಗೆ’ ಚರ್ಚಿಸುತ್ತೇವೆ. ಇಂಗ್ಲಿಷಿನ ‘ಡಿಸ್ಕಸ್’ ಎಂಬ ಕ್ರಿಯಾಪದಕ್ಕೆ ‘ಅಬೌಟ್’ ಬೇಡ. ನಮ್ಮ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ಬರುತ್ತದೆ. ಅವರದು ಕರ್ತೃಪದದ ಬೆನ್ನಿಗೇ ಬರುತ್ತದೆ. ಹೀಗೆ ಹೋಲಿಸಿ ನೋಡಿದಾಗ ಎರಡು ಭಾಷೆಗಳ ಜಾಯಮಾನವೂ ಅವನಿಗೆ ತಿಳಿಯತೊಡಗಿತು.

ಕೆಲವು ತಿಂಗಳುಗಳು ಕಳೆದವು. ಪರೀಕ್ಷೆ ಇನ್ನೂ ಮುಂದೆಯೇ ಇತ್ತು. ಆದರೆ ಮೂಲೆಯ ಮೇಜಿನ ಮೇಲೆ ಪದಗಳ ಪಟ್ಟಿ ಕಾಣುತ್ತಿರಲಿಲ್ಲ. ಎರಡು ಭಾಷೆಗಳಲ್ಲಿ ತುಂಬಿದ ನೋಟುಪುಸ್ತಕಗಳಿದ್ದವು. ಹೊಸ್ತಿಲು ಅಷ್ಟೇ ಎತ್ತರವಾಗಿತ್ತು; ಅದನ್ನು ದಾಟುವ ಹೆಜ್ಜೆ ಮಾತ್ರ ಬಲಿತಿತ್ತು.